ಗ್ರಹಗತಿಯೂ ಆಟದ ಎಲೆಯೂ

ನಾಳೆಯ ಸಂಗತಿಯನ್ನು ಇಂದೇ ತಿಳಿಯಬೇಕೆಂಬ ಆಸೆ ಮನುಷ್ಯನಿಗೆ ಸಹಜವಾದದ್ದು. ಆ ಆಸೆಯನ್ನು ಹಳಿಯುವ ಮಹನೀಯರು ಕೂಡ ಬೆಳಗಿನ ಪತ್ರಿಕೆ ಬಂದೊಡನೆ, ಯಾರೂ ನೋಡುತ್ತಿಲ್ಲವೆಂದು ಖಚಿತಮಾಡಿಕೊಂಡು, ದಿನಭವಿಷ್ಯದ ಅಂಕಣದ ಮೇಲೆ ಒಮ್ಮೆ ಕಣ್ಣಾಡಿಸುವುದುಂಟು. ಓದಿ ನಗುತ್ತಾರೆ, ನಕ್ಕು ಮರೆಯುತ್ತಾರೆ, ‘ಧನಲಾಭ’ವೆಂದು ಬರೆದಿದ್ದ ದಿನ ಮಾತ್ರ ಸ್ವಲ್ಪ ತಡವಾಗಿ ಮರೆಯುತ್ತಾರೆ. ಆ ನಗುವಿನಲ್ಲಿ ಆಟ ಎಷ್ಟು, ನಂಬಿಕೆ ಎಷ್ಟು ಎಂದು ಕೇಳಿದರೆ ಅವರೇ ಹೇಳಲಾರರು. ಆದರೆ ಕೇಳಬೇಕಾದ ಪ್ರಶ್ನೆ ಅದೇ. ನಾವು ನಂಬದ ಶಾಸ್ತ್ರದೊಡನೆ ಆಟವಾಡಬಹುದೆ? ಆಡಿದರೆ ಅದರಿಂದ ಏನಾದರೂ ಪ್ರಯೋಜನವುಂಟೆ? ಮತ್ತು ಆ ಆಟ ಎಲ್ಲಿಗೆ ಬಂದಾಗ ಆಟವಾಗಿ ಉಳಿಯುವುದಿಲ್ಲ?

ಬೆಂಗಳೂರಿನ ದಂಡುಪ್ರದೇಶದಾಚೆ, ಲಿಂಗರಾಜಪುರ ಬಾಣಸವಾಡಿಗಳ ನೆರೆಯಲ್ಲಿರುವ ಕಮ್ಮನಹಳ್ಳಿ ಈ ಪ್ರಶ್ನೆಯನ್ನು ಕೇಳಿಕೊಳ್ಳುವುದಕ್ಕೆ ತಕ್ಕ ಸ್ಥಳ. ಅಲ್ಲಿ ಹಳ್ಳಿ ಉಳಿದಿರುವುದು ಹೆಸರಿನಲ್ಲಿ ಮಾತ್ರ. ಅದರ ಮುಖ್ಯರಸ್ತೆಯಲ್ಲಿ ಸಂಜೆಯ ಹೊತ್ತು ನಡೆದವರ ಕಿವಿಗೆ ಕನ್ನಡ, ತಮಿಳು, ತೆಲುಗು, ಮಲಯಾಳ, ಉರ್ದು, ಇಂಗ್ಲಿಷುಗಳು ಬೀಳುತ್ತವೆ. ಆಫ್ರಿಕದ ದೇಶಗಳಿಂದ ಓದಲು ಬಂದ ತರುಣರ ನುಡಿಗಳೂ ಬೀಳುತ್ತವೆ. ಇಷ್ಟು ಬಗೆಯ ಜನ ಸೇರಿದ ಕಡೆ ಭವಿಷ್ಯ ಕೇಳುವ ಬಗೆಗಳೂ ಸೇರದೆ ಇರುವುದಿಲ್ಲ. ಇಂಥ ಬಡಾವಣೆಗಳಲ್ಲಿ ಪಂಚಾಂಗ ಹಿಡಿದ ಜೋಯಿಸರಿಗೂ ಗಿರಾಕಿಯುಂಟು. ಟ್ಯಾರೋ ಎಂಬ ಚಿತ್ರದ ಎಲೆಗಳನ್ನು ಕಲೆಸಿ ಹೇಳುವವರಿಗೂ ಉಂಟು. ಅಜ್ಜಿಯಾದವಳು ಮೊಮ್ಮಗಳ ಜಾತಕವನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿರುತ್ತಾಳೆ. ಮೊಮ್ಮಗಳು ಕಾಫಿ ಅಂಗಡಿಯ ಮೇಜಿನ ಮೇಲೆ ಗೆಳತಿಯರೊಡನೆ ಟ್ಯಾರೋ ಎಲೆಗಳನ್ನು ಹರಡಿಕೊಂಡು ನಗುತ್ತಿರುತ್ತಾಳೆ. ಅಜ್ಜಿಗೆ ಜಾತಕ ನಗುವ ವಸ್ತುವಲ್ಲ. ಮೊಮ್ಮಗಳಿಗೆ ಎಲೆ ನಂಬುವ ವಸ್ತುವಲ್ಲ. ಆದರೂ ಇಬ್ಬರ ಕೈಯಲ್ಲಿ ಇರುವ ಸಾಮಗ್ರಿ ಬಹುಮಟ್ಟಿಗೆ ಒಂದೇ: ಕೆಲವು ಚಿತ್ರಗಳು, ಆ ಚಿತ್ರಗಳಿಗೆ ಹಿಂದಿನವರು ಕಟ್ಟಿದ ಕೆಲವು ಅರ್ಥಗಳು.

ಟ್ಯಾರೋ ಹುಟ್ಟಿದ್ದು ಭವಿಷ್ಯ ಹೇಳುವುದಕ್ಕಲ್ಲ. 15ನೆಯ ಶತಮಾನದಲ್ಲಿ ಉತ್ತರ ಇಟಲಿಯ ಮಿಲಾನ್, ಫೆರಾರ ಮೊದಲಾದ ರಾಜಾಸ್ಥಾನಗಳಲ್ಲಿ ಬಳಕೆಗೆ ಬಂದ ಇಸ್ಪೀಟಾಟ ಅದು. ಕಟ್ಟಿನಲ್ಲಿ 78 ಎಲೆ. ಅವುಗಳಲ್ಲಿ 56 ನಮಗೆ ಪರಿಚಯವಾದ ಇಸ್ಪೀಟಿನಂತೆ ನಾಲ್ಕು ಜಾತಿಯವು; ಉಳಿದ 22 ಚಿತ್ರದ ತುರುಫುಗಳು. ಚಕ್ರವರ್ತಿ, ಸಂನ್ಯಾಸಿ, ಅದೃಷ್ಟದ ಚಕ್ರ, ಮೃತ್ಯು, ಕುಸಿಯುವ ಗೋಪುರ, ಸೂರ್ಯ, ಚಂದ್ರ, ಇವರೆಲ್ಲರ ಜೊತೆಗೆ ಯಾವ ಸಾಲಿಗೂ ಸೇರದ ಒಬ್ಬ ಮರುಳ. ಸುಮಾರು ಮುನ್ನೂರು ವರ್ಷ ಜನ ಈ ಎಲೆಗಳನ್ನು ಇಳಿಸಿ, ಎತ್ತಿ, ಗೆದ್ದು, ಸೋತು ಕಾಲ ಕಳೆದರು. 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬೆಲಾಂ ಎಂಬ ಪಂಡಿತ ಇವು ಪುರಾತನ ಈಜಿಪ್ಟಿನ ಅರ್ಚಕರ ಗುಪ್ತವಿದ್ಯೆ ಎಂದು ಬರೆದ. ಆಗ ಈಜಿಪ್ಟಿನ ಚಿತ್ರಲಿಪಿಯನ್ನು ಓದಬಲ್ಲವರು ಯೂರೋಪಿನಲ್ಲಿ ಒಬ್ಬರೂ ಇರಲಿಲ್ಲ. ಆದ್ದರಿಂದ ಅವನ ಮಾತನ್ನು ಅಲ್ಲಗಳೆಯುವುದು ಯಾರಿಗೂ ಸುಲಭವಾಗಿರಲಿಲ್ಲ. ಅಂದಿನಿಂದ ಆಟದ ಎಲೆ ಮಂತ್ರದ ಎಲೆಯಾಯಿತು. ಇಂದು ಬಹುಮಂದಿಯ ಕೈಯಲ್ಲಿರುವ ಕಟ್ಟು 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದದ್ದು. ಯೋಜನೆ ವೇಯ್ಟ್ ಎಂಬುವನದು, ಚಿತ್ರ ಪಮೇಲಾ ಕೋಲ್ಮನ್ ಸ್ಮಿತ್ ಎಂಬಾಕೆಯದು. ಕೊನೆಗೆ 1980ರಲ್ಲಿ ಆಕ್ಸ್‌ಫರ್ಡಿನ ತತ್ತ್ವಶಾಸ್ತ್ರಜ್ಞ ಮೈಕೇಲ್ ಡಮ್ಮೆಟ್ ಒಂದು ದೊಡ್ಡ ಗ್ರಂಥ ಬರೆದು, ಟ್ಯಾರೋ ಮೊದಲಿಗೆ ಆಟವೇ ಎಂಬುದನ್ನು ಸಾಧಾರವಾಗಿ ತೋರಿಸಿದ. ತರ್ಕಶಾಸ್ತ್ರದಲ್ಲಿ ಕೀರ್ತಿವಂತನಾದವನೊಬ್ಬ ಇಸ್ಪೀಟಿನ ಚರಿತ್ರೆಗೆ ಅಷ್ಟು ಶ್ರಮಪಟ್ಟದ್ದು ಸೋಜಿಗವೇ ಸರಿ.

‘ಅದು ಪರದೇಶದ ಸರಕು, ನಮಗೇಕೆ?’ ಎನ್ನುವವರು ನಮ್ಮ ಮೇಷ ವೃಷಭಗಳ ಕಥೆಯನ್ನೂ ಸ್ವಲ್ಪ ವಿಚಾರಿಸಬೇಕು. ನಕ್ಷತ್ರಗಳ ಎಣಿಕೆ ನಮ್ಮದು. ಅದು ವೇದಕಾಲದಷ್ಟು ಹಳೆಯದು. ಹನ್ನೆರಡು ರಾಶಿಗಳು ಮಾತ್ರ ಬಾಬಿಲೋನಿಯದಲ್ಲಿ ಹುಟ್ಟಿ, ಯವನರ ಕೈಯಿಂದ ಇಲ್ಲಿಗೆ ಬಂದವು. ವರಾಹಮಿಹಿರ ತನ್ನ ‘ಬೃಹಜ್ಜಾತಕ’ದಲ್ಲಿ ರಾಶಿಗಳಿಗೆ ಕ್ರಿಯ, ತಾವುರಿ, ಜಿತುಮ, ಲೇಯ ಎಂಬ ಹೆಸರುಗಳನ್ನೂ ಕೊಡುತ್ತಾನೆ, ಅವು ಗ್ರೀಕ್ ಹೆಸರುಗಳ ಸಂಸ್ಕೃತ ರೂಪ. ‘ಹೋರಾ’ ಎಂಬ ಮಾತೂ ಗ್ರೀಕರಿಂದ ಬಂದದ್ದು. ಹೀಗೆ ಬಂದ ವಿದ್ಯೆ ಕನ್ನಡಕ್ಕೂ ಬಹು ಹಿಂದೆಯೇ ಇಳಿಯಿತು. ಚಾಲುಕ್ಯ ಆಹವಮಲ್ಲ ಸೋಮೇಶ್ವರನ ಕಾಲದಲ್ಲಿ, 1049ರಲ್ಲಿ, ಜೈನಪಂಡಿತ ಶ್ರೀಧರಾಚಾರ್ಯ ‘ಜಾತಕತಿಲಕ’ವನ್ನು ಬರೆದ, ಜ್ಯೋತಿಷಕ್ಕೆ ಕನ್ನಡದಲ್ಲಿ ದೊರೆತಿರುವ ಮೊದಲ ಗ್ರಂಥ ಅದು. ಚಿತ್ರಗಳಿಗೆ ಗಡಿಯಿಲ್ಲ. ಒಂದು ದೇಶದ ಟಗರು ಇನ್ನೊಂದು ದೇಶದ ಹುಲ್ಲುಗಾವಲಿಗೆ ಬಂದು ಮೇಷರಾಶಿಯಾಗಿ ಮೇಯ್ದುಕೊಂಡಿರುತ್ತದೆ. ಆದ್ದರಿಂದ ಟ್ಯಾರೋ ಎಲೆ ಪರದೇಶಿ, ಜಾತಕ ಸ್ವದೇಶಿ ಎಂಬ ಕಾರಣದಿಂದ ಒಂದನ್ನು ನಕ್ಕು ಇನ್ನೊಂದಕ್ಕೆ ಕೈಮುಗಿಯುವುದು ಯುಕ್ತವಲ್ಲ. ನಗುವುದಾದರೂ, ಕೈಮುಗಿಯುವುದಾದರೂ ಬೇರೆ ಕಾರಣ ಬೇಕು.

ಗ್ರಹಗಳೊಡನೆ ಆಟವಾಡುವುದು ಅಪಚಾರವೆಂದು ಅಂಜುವವರಿಗೆ ನಮ್ಮ ಮೈಸೂರಿನಲ್ಲಿಯೇ ಒಂದು ದೊಡ್ಡ ನಿದರ್ಶನ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು ರಚಿಸಿದ ‘ಶ್ರೀತತ್ತ್ವನಿಧಿ’ಯಲ್ಲಿ ಒಂಬತ್ತು ನಿಧಿಗಳು. ಅವುಗಳಲ್ಲಿ ಒಂದು ಗ್ರಹನಿಧಿ: ಸೂರ್ಯಾದಿ ಗ್ರಹಗಳ ಬಣ್ಣ, ವಾಹನ, ಆಯುಧಗಳೆಲ್ಲ ಧ್ಯಾನಕ್ಕೆ ತಕ್ಕಂತೆ ಚಿತ್ರಿತವಾಗಿವೆ. ಅದೇ ಗ್ರಂಥದ ಮತ್ತೊಂದು ನಿಧಿ ಕೌತುಕನಿಧಿ. ಅದರಲ್ಲಿ ಗಂಜೀಫ ಮುಂತಾದ ಆಟಗಳ ವಿವರ. ಗಂಜೀಫವೆಂದರೆ ಪರ್ಷಿಯದ ಕಡೆಯಿಂದ ಬಂದು ಮೊಗಲರ ಆಸ್ಥಾನದಲ್ಲಿ ಬೆಳೆದ, ಕೈಯಿಂದ ಚಿತ್ರಿಸಿದ ಆಟದ ಎಲೆಗಳು. ನಮ್ಮವರು ಅದನ್ನು ತೆಗೆದುಕೊಂಡು ದಶಾವತಾರದ ಗಂಜೀಫ ಮಾಡಿದರು: ಅವತಾರಕ್ಕೆ ಹನ್ನೆರಡರಂತೆ 120 ಎಲೆ. ನವಗ್ರಹದ ಗಂಜೀಫವನ್ನೂ ಮಾಡಿದರು. ಯಾವ ಶನಿಯ ಹೆಸರು ಕೇಳಿದರೆ ಮನೆಮಂದಿ ಎಳ್ಳುಬತ್ತಿ ಹೊಸೆಯುತ್ತಾರೆಯೋ ಆ ಶನಿಯೂ ಆಟದ ಎಲೆಯಾಗಿ ಜಮಖಾನೆಯ ಮೇಲೆ ಬಿದ್ದ. ಇನ್ನೊಂದು ಎಲೆಗೆ ಸೋತ.

ಈ ಒಡೆಯರ ಬಾಳನ್ನು ನೆನೆದರೆ ಆಟಕ್ಕೆ ಇನ್ನೊಂದು ಅರ್ಥ ಬರುತ್ತದೆ. 1799ರಲ್ಲಿ, ಐದು ವರ್ಷದ ಮಗುವಾಗಿ, ಪಟ್ಟಕ್ಕೆ ಬಂದರು. 1831ರಲ್ಲಿ ಇಂಗ್ಲಿಷರು ಆಡಳಿತವನ್ನು ಕಿತ್ತುಕೊಂಡರು. ಅದನ್ನು ಮರಳಿ ಪಡೆಯಬೇಕೆಂದು ಬಹುಕಾಲ ಯತ್ನಿಸಿದರು. ಯತ್ನ ಫಲಿಸದೆ 1868ರಲ್ಲಿ ತೀರಿಕೊಂಡರು. ಸಿಂಹಾಸನವಿದ್ದೂ ರಾಜ್ಯಭಾರವಿಲ್ಲದ ಮೂವತ್ತೇಳು ವರ್ಷಗಳು! ಆ ವರ್ಷಗಳಲ್ಲಿ ಅರಮನೆಯಲ್ಲಿ ಗ್ರಂಥಗಳು ಬೆಳೆದವು, ಚಿತ್ರಗಳು ಬೆಳೆದವು. ಚದುರಂಗದ ಕುದುರೆಯನ್ನು ಪ್ರತಿ ಮನೆಗೂ ಒಮ್ಮೊಮ್ಮೆ ಮಾತ್ರ ನಡೆಸುವ ಬಂಧಗಳು ಬೆಳೆದವು. ಗಂಜೀಫದ ಹೊಸ ಹೊಸ ಕಟ್ಟುಗಳು ಬೆಳೆದವು. ಹೊರಗಿನ ಬಾಗಿಲು ಮುಚ್ಚಿದ ಮೇಲೆ ಮನಸ್ಸು ಒಳಗೆ ಬಾಗಿಲುಗಳನ್ನು ತೆರೆದುಕೊಂಡಿತು ಎನ್ನೋಣ. ಆಟವೆಂಬುದು ಕೆಲಸವಿಲ್ಲದವರ ಕಾಲಹರಣ ಎನ್ನುವ ಮಾತು ಅರ್ಧ ಸತ್ಯ. ‘ಹೀಗಲ್ಲದೆ ಬೇರೆ ಹೇಗೂ ಇರಬಹುದು’ ಎಂಬ ಅರಿವನ್ನು ಕಾಪಾಡಿಕೊಳ್ಳುವ ಉಪಾಯವೂ ಆಟವೇ. ಆ ಅರಿವು ಆರಿಹೋದವನು ಸೋತವನು, ರಾಜ್ಯ ಹೋದವನಲ್ಲ.

ಹಾಗಾದರೆ ರಾಶಿಚಕ್ರದಿಂದಲೂ ಟ್ಯಾರೋ ಎಲೆಯಿಂದಲೂ ಆಟಕ್ಕೆ ಒದಗುವುದೇನು? ಜಾತಕದ ಹನ್ನೆರಡು ಮನೆಗಳನ್ನೇ ತೆಗೆದುಕೊಳ್ಳೋಣ. ತನು, ಧನ, ಸಹೋದರ, ಮಾತೃ, ಪುತ್ರ, ಶತ್ರು, ಕಳತ್ರ, ಆಯುಸ್ಸು, ಭಾಗ್ಯ, ಕರ್ಮ, ಲಾಭ, ವ್ಯಯ. ಗ್ರಹಗಳನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಈ ಪಟ್ಟಿಯನ್ನು ಮಾತ್ರ ನೋಡಿ. ಮನುಷ್ಯನ ಬಾಳಿನಲ್ಲಿ ವಿಚಾರಮಾಡಬೇಕಾದ ವಿಷಯಗಳ ಪಟ್ಟಿ ಇದಕ್ಕಿಂತ ಚೆನ್ನಾಗಿ ಮಾಡುವುದು ಕಷ್ಟ. ನಮ್ಮಲ್ಲಿ ಅನೇಕರು ಎರಡನೆಯ ಮನೆ, ಹತ್ತನೆಯ ಮನೆ, ಹನ್ನೊಂದನೆಯ ಮನೆ, ಅಂದರೆ ಹಣ, ನೌಕರಿ, ಬಡ್ತಿ, ಈ ಮೂರರಲ್ಲೇ ವಾಸಮಾಡಿ ಉಳಿದ ಒಂಬತ್ತಕ್ಕೆ ಬೀಗ ಹಾಕಿರುತ್ತೇವೆ. ಒಂದು ಭಾನುವಾರ ಮಧ್ಯಾಹ್ನ ಬಿಡುವಾಗಿ ಕುಳಿತು ಮನೆಗೊಂದರಂತೆ ಹನ್ನೆರಡು ಪ್ರಶ್ನೆ ಕೇಳಿಕೊಳ್ಳಬಹುದು. ಮೂರನೆಯ ಮನೆ: ತಮ್ಮನ ಯೋಗಕ್ಷೇಮ ವಿಚಾರಿಸಿ ಎಷ್ಟು ದಿನವಾಯಿತು? ಆರನೆಯ ಮನೆ: ಸಾಲ ಯಾರದು, ಜಗಳ ಯಾರೊಡನೆ, ಅದು ತೀರುವುದು ಬೇಡವೆಂದು ಪಟ್ಟುಹಿಡಿದಿರುವವರು ಯಾರು? ಹನ್ನೆರಡನೆಯ ಮನೆ: ಇಷ್ಟೆಲ್ಲ ಕೂಡಿಟ್ಟದ್ದರಲ್ಲಿ ಸಂತೋಷದಿಂದ ಕಳೆದುಕೊಳ್ಳಬಲ್ಲದ್ದು ಯಾವುದು? ಇದಕ್ಕೆ ಜೋಯಿಸರು ಬೇಡ. ಹುಟ್ಟಿದ ಗಳಿಗೆಯೂ ಬೇಡ.

ಟ್ಯಾರೋ ಎಲೆಯ ಉಪಯೋಗವೂ ಇಂಥದೇ. ನಮ್ಮ ಯೋಚನೆ ಗಾಡಿಯ ಜಾಡಿನಂತೆ; ಒಮ್ಮೆ ಬಿದ್ದ ಜಾಡಿನಲ್ಲೇ ಮತ್ತೆ ಮತ್ತೆ ಉರುಳುತ್ತದೆ. ಕೆಲಸ ಬಿಡಲೋ ಇರಲೋ ಎಂದು ಆರು ತಿಂಗಳಿಂದ ತೂಗುತ್ತಿರುವ ತರುಣನ ಕೈಗೆ ಲಾಂದ್ರ ಹಿಡಿದ ಸಂನ್ಯಾಸಿಯ ಎಲೆ ಬಂತೆನ್ನಿ. ಎಲೆಗೆ ಅವನ ಆಫೀಸಿನ ಸುದ್ದಿ ಏನೂ ಗೊತ್ತಿಲ್ಲ. ಆದರೆ ‘ಬಿಡುವುದು, ಇರುವುದು ಎರಡೇ ದಾರಿಯೆ? ಸ್ವಲ್ಪ ದಿನ ಒಬ್ಬನೇ ಇದ್ದು ನೋಡಬಾರದೇಕೆ?’ ಎಂಬ ಮೂರನೆಯ ಮಾತನ್ನು ಅದು ಎಬ್ಬಿಸುತ್ತದೆ. ಮರುಳನ ಎಲೆ ಬಂದರೆ ಇನ್ನೊಂದು ಮಾತು ಏಳುತ್ತದೆ. 1909ರ ಕಟ್ಟಿನಲ್ಲಿ ಅವನು ಹೆಗಲಿಗೆ ಗಂಟು ಸಿಕ್ಕಿಸಿಕೊಂಡು, ಆಕಾಶ ನೋಡುತ್ತ, ಬಂಡೆಯ ಅಂಚಿಗೆ ಬಂದು ನಿಂತಿದ್ದಾನೆ. ಕಾಲ ಬಳಿ ಒಂದು ನಾಯಿ. ಅವನ ಅಂಕಿ ಸೊನ್ನೆ. ಬೀಳುವವನೋ ಹಾರುವವನೋ ಚಿತ್ರ ಹೇಳುವುದಿಲ್ಲ. ಹೇಳದೆ ಇರುವುದೇ ಅದರ ಗುಣ. ಎಲೆ ತಿರುವಿದೊಡನೆ ‘ಅಯ್ಯೋ, ಇದು ಬೇಡವಾಗಿತ್ತು’ ಎಂದು ಮನಸ್ಸು ಮುದುಡಿದರೆ, ತನಗೆ ಏನು ಬೇಕಾಗಿತ್ತೆಂಬುದು ಅವನಿಗೆ ಆಗಲೇ ತಿಳಿಯಿತು. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಯೂಂಗ್ ಇಂಥ ಚಿತ್ರಗಳನ್ನು ಮನುಕುಲದ ಮನಸ್ಸಿನ ಆಳದಲ್ಲಿ ನೆಲೆಸಿದ ಮೂಲಪ್ರತಿಮೆಗಳೆಂದು ಕರೆದ. ಆ ಸಿದ್ಧಾಂತವನ್ನು ಪೂರ್ತಿ ಒಪ್ಪದಿದ್ದರೂ ಬಾಧಕವಿಲ್ಲ. ಮುದುಕ, ತಾಯಿ, ಮರುಳ, ಕುಸಿಯುವ ಮನೆ, ತಿರುಗುವ ಚಕ್ರ ಇವು ಎಲ್ಲರಿಗೂ ಅರ್ಥವಾಗುವ ಚಿತ್ರಗಳು ಎಂದರೆ ಸಾಕು.

ಕನ್ನಡಿಗರಿಗೆ ಈ ಸರಸ ಹೊಸದೂ ಅಲ್ಲ. ವೈಕುಂಠ ಏಕಾದಶಿಯ ಜಾಗರಣೆಯಲ್ಲಿ ಪರಮಪದ ಸೋಪಾನದ ಪಟ ಹಾಸಿ ಕವಡೆ ಎಸೆದವರು ಹಾವಿನ ಬಾಯಿಗೆ ಬಿದ್ದು ನರಕಕ್ಕೂ ಇಳಿದಿದ್ದಾರೆ, ಏಣಿ ಹತ್ತಿ ವೈಕುಂಠಕ್ಕೂ ಏರಿದ್ದಾರೆ. ಬೆಳಗಾದ ಮೇಲೆ ಯಾರೂ ನರಕಕ್ಕಾಗಿ ಅತ್ತದ್ದಿಲ್ಲ. ಕಣಿ ಹೇಳುವ ಕೊರವಂಜಿಯ ಹೆಸರನ್ನೇ ಡಾಕ್ಟರ್ ಎಂ. ಶಿವರಾಂ ಅವರು 1942ರಲ್ಲಿ ಬೆಂಗಳೂರಿನಿಂದ ಹೊರಡಿಸಿದ ಹಾಸ್ಯಪತ್ರಿಕೆಗೆ ಇಟ್ಟರು. ಇಪ್ಪತ್ತೈದು ವರ್ಷ ಆ ಕೊರವಂಜಿ ನಾಡಿನ ಕೈ ಹಿಡಿದು ಕಣಿ ಹೇಳಿ ನಗಿಸಿದಳು. ಸಂಪಾದಕರ ಕಾವ್ಯನಾಮ ‘ರಾಶಿ’ ಎಂಬುದು ಅವರ ಹೆಸರಿನ ಅಕ್ಷರಗಳಷ್ಟೆ. ಆದರೂ ಕಣಿಯವಳಿಗೆ ಆ ರಾಶಿ ಚೆನ್ನಾಗಿ ಕೂಡಿಬಂತು.

ಇನ್ನು ಶಾಸ್ತ್ರ ನಿಜವೆ ಎಂಬ ಪ್ರಶ್ನೆ. ಅದನ್ನು ತಪ್ಪಿಸಿಕೊಂಡು ಆಟದ ಮಾತಾಡುವುದು ಪ್ರಾಮಾಣಿಕತನವಲ್ಲ. ಬೆಂಗಳೂರು ಈ ವಿವಾದದ ಎರಡು ಪಕ್ಷಕ್ಕೂ ಮನೆಯಾಗಿತ್ತು. ಬಿ. ವಿ. ರಾಮನ್ ಅವರು 1936ರಿಂದ, 1998ರಲ್ಲಿ ತೀರಿಕೊಳ್ಳುವವರೆಗೆ, ಇಲ್ಲಿಂದಲೇ ‘ಅಸ್ಟ್ರಲಾಜಿಕಲ್ ಮ್ಯಾಗಜೀನ್’ ನಡೆಸಿ ಜ್ಯೋತಿಷವನ್ನು ಪ್ರಪಂಚಕ್ಕೆ ಪರಿಚಯಿಸಿದರು. ಇಲ್ಲಿಯೇ ಎಚ್. ನರಸಿಂಹಯ್ಯನವರು, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿ, ‘ಪ್ರಶ್ನಿಸದೆ ಒಪ್ಪಬೇಡಿ’ ಎಂಬ ಹಟವನ್ನು ಕಲಿಸಿದರು. ಈ ಹಟಕ್ಕೆ ತಕ್ಕ ಒಂದು ಪರೀಕ್ಷೆ ಮುಂದೆ ಮಹಾರಾಷ್ಟ್ರದಲ್ಲಿ ನಡೆಯಿತು. ಖಗೋಳಶಾಸ್ತ್ರಜ್ಞ ಜಯಂತ ನಾರ್ಳೀಕರ್ ಮತ್ತು ಅವರ ಸಂಗಡಿಗರು ಬುದ್ಧಿಯಲ್ಲಿ ಚುರುಕಾದ 100 ಮಕ್ಕಳ ಮತ್ತು ಬುದ್ಧಿಮಾಂದ್ಯದ 100 ಮಕ್ಕಳ ಜಾತಕಗಳನ್ನು ಸಂಗ್ರಹಿಸಿ, ಯಾವುದು ಯಾರದು ಎಂದು ಗುರುತಿಸಲು ಜ್ಯೋತಿಷಿಗಳನ್ನು ಕೇಳಿದರು. 27 ಮಂದಿ ತಲಾ 40 ಜಾತಕ ನೋಡಿ ಉತ್ತರ ಕೊಟ್ಟರು. ಸರಿಯಾದ ಉತ್ತರ ನೂರಕ್ಕೆ ಸುಮಾರು 46. ಕಾಸು ಚಿಮ್ಮಿ ಹೇಳಿದ್ದರೆ 50 ಸರಿಯಾಗುತ್ತಿತ್ತು. ಈ ಫಲಿತಾಂಶ 2009ರಲ್ಲಿ, ಬೆಂಗಳೂರಿನಿಂದಲೇ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಗುವಿನ ಬಾಳಿನ ಅಷ್ಟು ದೊಡ್ಡ ಸಂಗತಿಯನ್ನೇ ಕುಂಡಲಿ ತೋರದಿದ್ದರೆ, ಬರುವ ಗುರುವಾರದ ಸಂದರ್ಶನವನ್ನು ತೋರೀತೆ? ಜಾತಕದಲ್ಲಿ ಚಿತ್ರವಿದೆ, ಕಥೆಯಿದೆ, ಪ್ರಶ್ನೆಯಿದೆ, ತೀರ್ಪು ಇಲ್ಲ. ಇಲ್ಲದ ತೀರ್ಪನ್ನು ಅದರ ಬಾಯಿಂದ ಹೊರಡಿಸುವವರು ನಾವು.

ಹೊರಡಿಸುವುದು ಯಾರ ಮೇಲೆ? ಇಲ್ಲಿ ನಗು ನಿಲ್ಲುತ್ತದೆ. ಮೂಲಾ ನಕ್ಷತ್ರದ ಹುಡುಗಿ ಮಾವನಿಗೆ ಆಗದು, ಆಶ್ಲೇಷೆಯವಳು ಅತ್ತೆಗೆ ಆಗದು, ಜ್ಯೇಷ್ಠೆಯವಳು ಗಂಡನ ಅಣ್ಣನಿಗೆ, ವಿಶಾಖೆಯವಳು ಮೈದುನನಿಗೆ ಆಗದು ಎಂಬ ಮಾತುಗಳನ್ನು ಕೇಳದ ಮಧ್ಯಮವರ್ಗದ ಮನೆ ನಮ್ಮಲ್ಲಿ ಅಪರೂಪ. ಚಂದ್ರ 27 ನಕ್ಷತ್ರಗಳನ್ನು ಸುಮಾರು ದಿನಕ್ಕೊಂದರಂತೆ ದಾಟುತ್ತಾನೆ. ಅಂದಮೇಲೆ ಈ ನಾಲ್ಕರಲ್ಲಿ ಹುಟ್ಟುವವರು 27ಕ್ಕೆ 4, ಹತ್ತಿರ ಹತ್ತಿರ ಏಳರಲ್ಲಿ ಒಬ್ಬರು. ಇದರ ಮೇಲೆ ಕುಜದೋಷ. ಲಗ್ನದಿಂದ 2, 4, 7, 8, 12ನೆಯ ಮನೆಗಳಲ್ಲಿ ಕುಜನಿದ್ದರೆ ದೋಷ. ಕೆಲವರ ಮತದಲ್ಲಿ ಲಗ್ನದಲ್ಲಿ ಇದ್ದರೂ ದೋಷ. ಹನ್ನೆರಡರಲ್ಲಿ ಆರು ಮನೆ! ಅರ್ಧ ಮನುಕುಲವೇ ದೋಷಿಯಾಯಿತು. ಪಾದಭೇದ, ದೃಷ್ಟಿಭೇದಗಳಿಂದ ವಿನಾಯಿತಿ ಉಂಟೆಂದು ಶಾಸ್ತ್ರಜ್ಞರು ಹೇಳುತ್ತಾರೆ, ನಿಜ. ಆದರೆ ವಿನಾಯಿತಿಯನ್ನು ತಿಳಿಯುವಷ್ಟು ಓದಿದವರ ಬಳಿಗೆ ಜಾತಕ ಹೋಗುವುದಕ್ಕೆ ಮೊದಲೇ ‘ಮೂಲಾ’ ಎಂಬ ಒಂದು ಮಾತು ಕೇಳಿ ಗಂಡಿನ ಕಡೆಯವರು ಕಾಗದ ಮಡಿಸಿ ಹಿಂದಕ್ಕೆ ಕೊಟ್ಟಿರುತ್ತಾರೆ. ಹುಡುಗಿ ಓದಿದ್ದಾಳೆ, ಸಂಪಾದಿಸುತ್ತಾಳೆ, ಹಾಡುತ್ತಾಳೆ, ನಾಲ್ಕು ಜನರಿಗೆ ಬೇಕಾದವಳು. ಅವಳನ್ನು ನೋಡಿ ಬೇಡವೆಂದಿದ್ದರೆ ಅದಕ್ಕೊಂದು ಮರ್ಯಾದೆಯಾದರೂ ಇತ್ತು. ಅವಳನ್ನು ನೋಡಲೇ ಇಲ್ಲ. ಇನ್ನೂ ಹುಟ್ಟದ ಸಾವೊಂದನ್ನು ಅವಳ ಹೆಸರಿಗೆ ಬರೆದು, ಅದಕ್ಕೆ ಅವಳೇ ಕಾರಣವೆಂದು ಮುಂಗಡವಾಗಿ ಶಿಕ್ಷೆ ಕೊಟ್ಟದ್ದಾಯಿತು. ಹೀಗೆ ಮೂರು ಬಾರಿ, ಆರು ಬಾರಿ ಆದ ಮೇಲೆ ತಂದೆಯ ಮುಖ ಬಾಡುತ್ತದೆ. ತಾಯಿ ಹರಕೆ ಹೊರುತ್ತಾಳೆ. ಹುಡುಗಿ ತನ್ನಲ್ಲಿಯೇ ಏನೋ ಕೇಡಿದೆಯೆಂದು ಒಂದು ಗಳಿಗೆಯಾದರೂ ನಂಬುತ್ತಾಳೆ. ಆ ಒಂದು ಗಳಿಗೆಯ ಪಾಪ ಯಾರದು?

ಆಟಕ್ಕೂ ತೀರ್ಪಿಗೂ ಇರುವ ಭೇದ ಇದರಿಂದ ಸ್ಪಷ್ಟವಾಗುತ್ತದೆ. ಕಾಫಿ ಅಂಗಡಿಯ ಹುಡುಗಿಗೆ ಬಂದ ಎಲೆ ಹಿಡಿಸದಿದ್ದರೆ ಕಟ್ಟನ್ನು ಮತ್ತೆ ಕಲೆಸುತ್ತಾಳೆ. ಅವಳ ಕೈಯಲ್ಲಿ ಕಲೆಸುವ ಹಕ್ಕು ಇದೆ. ಜಾತಕ ತಿರಸ್ಕೃತವಾದ ಹುಡುಗಿಗೆ ಆ ಹಕ್ಕಿಲ್ಲ. ಅವಳ ಎಲೆಯನ್ನು ಬೇರೆಯವರು ಹಂಚಿದರು, ಬೇರೆಯವರು ಓದಿದರು, ಬೇರೆಯವರು ಎದ್ದು ಹೋದರು. ಕಲೆಸುವ ಹಕ್ಕು ಯಾರ ಕೈಯಲ್ಲಿದೆಯೋ ಅವರಿಗೆ ಮಾತ್ರ ಅದು ಆಟ. ಉಳಿದವರಿಗೆ ಅದು ಶಾಸನ. ಒಂದೇ ಕುಂಡಲಿ, ಒಂದೇ ಎಲೆ ಒಬ್ಬರಿಗೆ ಹತ್ತು ದಾರಿ ತೋರಿಸಿ ಇನ್ನೊಬ್ಬರಿಗೆ ಇದ್ದ ಒಂದು ದಾರಿಯನ್ನೂ ಮುಚ್ಚಬಲ್ಲದು. ಚಿತ್ರದಲ್ಲಿ ದೋಷವಿಲ್ಲ, ಚಿತ್ರವನ್ನು ಮತ್ತೊಬ್ಬರ ಹಣೆಗೆ ಅಂಟಿಸುವುದರಲ್ಲಿ ದೋಷ.

ನಂಬುವವರಿಗೂ ಈ ಹಕ್ಕಿನ ಬೆಲೆ ಗೊತ್ತು. ನೂರು ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ನೆನೆದು ಎಷ್ಟೋ ಮನೆಗಳಲ್ಲಿ ಜಾತಕವನ್ನು ತಿದ್ದಿಸುವುದುಂಟು; ಹುಟ್ಟಿದ ಗಳಿಗೆ ಒಂದೆರಡು ಗಂಟೆ ಹಿಂದಕ್ಕೋ ಮುಂದಕ್ಕೋ ಸರಿದು ಮೂಲಾ ಮಾಯವಾಗುತ್ತದೆ. ಇದೂ ಕಲೆಸುವುದೇ, ಆದರೆ ಕಳ್ಳತನದಿಂದ, ಹೆದರಿಕೆಯಿಂದ ಕಲೆಸುವುದು. ನಗುತ್ತ ಬಿಡಬಹುದಾಗಿದ್ದ ಒಂದು ಕಟ್ಟನ್ನು ಸುಳ್ಳುಹೇಳಿ ದಾಟಬೇಕಾಗಿ ಬಂದದ್ದು ಸಭ್ಯ ಕುಟುಂಬಗಳಿಗೆ ಒದಗಿದ ಅವಮಾನವಲ್ಲವೆ?

ಜಾತಕದ ಪರವಾಗಿ ಹೇಳಬಹುದಾದ ಒಂದು ಮಾತು ಉಂಟು. ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಮಗನನ್ನು ಕಳೆದುಕೊಂಡ ತಾಯಿಯ ಬಳಿ ಕುಳಿತು ನೆರೆಯವರು ‘ಗ್ರಹಚಾರ ತಾಯಿ, ಯಾರೇನು ಮಾಡುವುದಕ್ಕಾಗುತ್ತದೆ’ ಎನ್ನುತ್ತಾರೆ. ಅದು ಖಗೋಳಶಾಸ್ತ್ರವಲ್ಲ, ಕರುಣೆ. ‘ಆಸ್ಪತ್ರೆಗೆ ಬೇಗ ಕರೆದೊಯ್ಯಬೇಕಾಗಿತ್ತು, ಆ ದಿನ ಕಳುಹಿಸಬಾರದಾಗಿತ್ತು’ ಎಂದು ತನ್ನನ್ನೇ ಕೊರೆದುಕೊಳ್ಳುತ್ತಿರುವವಳ ಮೇಲಿನಿಂದ ಒಂದು ಹೊರೆಯನ್ನು ಆ ಮಾತು ಇಳಿಸುತ್ತದೆ. ಗ್ರಹಗಳು ಅಂಥ ಹೊರೆ ಹೊತ್ತುಕೊಳ್ಳಲಿ, ಅವಕ್ಕೆ ಭಾರವಾಗದು. ಆದರೆ ನಡೆದುಹೋದದ್ದರ ಮೇಲೆ ಹೇಳಿದಾಗ ಸಮಾಧಾನವಾಗುವ ಮಾತೇ ಇನ್ನೂ ನಡೆಯದ್ದರ ಮೇಲೆ ಹೇಳಿದಾಗ ಸಂಕೋಲೆಯಾಗುತ್ತದೆ. ಗ್ರಹಚಾರವೆಂಬ ಮಾತಿಗೆ ಹಿಂದು ನೋಡುವ ಕಣ್ಣು ಮಾತ್ರ ಇರಬೇಕು.

ವಿಚಾರವಾದಿಗಳು ಇನ್ನೊಂದು ಕಡೆಯಿಂದ ಆಕ್ಷೇಪಿಸಬಹುದು: ‘ಇಂದು ಆಟವೆನ್ನುತ್ತೀರಿ, ನಾಳೆ ನಂಬುತ್ತೀರಿ, ಬೆಂಕಿಯೊಡನೆ ಸರಸವೇಕೆ?’ ಈ ಎಚ್ಚರಿಕೆ ಹಗುರವಾದದ್ದಲ್ಲ. ಮನಸ್ಸು ಜಾರುತ್ತದೆ. ಬಿಡುವೂ ಧೈರ್ಯವೂ ಇದ್ದಾಗ ಮಾತ್ರ ಮನುಷ್ಯ ಆಡಬಲ್ಲ. ಕಾಯಿಲೆ, ಸಾಲ, ಅಗಲಿಕೆಗಳಲ್ಲಿ ಸಿಕ್ಕವನ ಮುಂದೆ ಎಲೆ ಹರಡಿ ‘ಇದು ವಿನೋದಕ್ಕೆ’ ಎಂದರೆ ಅವನ ಕಿವಿಗೆ ವಿನೋದವೆಂಬುದು ಕೇಳಿಸುವುದಿಲ್ಲ. ಎಲೆ ಮಾತ್ರ ಕಾಣಿಸುತ್ತದೆ. ಅವನಿಂದ ಹಣ ಪಡೆದರಂತೂ ಅದು ಮುಳುಗುವವನಿಗೆ ಹುಲ್ಲುಕಡ್ಡಿ ಮಾರಿದಂತೆ. ಕಾನೂನು ಇಲ್ಲಿ ಬಹಳ ದೂರ ಬಾರದು. 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂದ, ಅಮಾನವೀಯ ಆಚರಣೆಗಳ ವಿರುದ್ಧದ ನಮ್ಮ ರಾಜ್ಯದ ಕಾಯಿದೆ ಜ್ಯೋತಿಷವನ್ನೂ ವಾಸ್ತುವನ್ನೂ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, ದೇವರ ಚಿತ್ರದ ಎಲೆ ಕಚ್ಚಿ ಕೊಡುವ ಗಿಣಿಶಾಸ್ತ್ರದ ಗಿಳಿಯನ್ನು ಪಂಜರದಲ್ಲಿ ಇಡಬಾರದೆನ್ನುತ್ತದೆ. ಎದುರಿಗೆ ಕುಳಿತು ದುಡ್ಡು ಕೊಡುವವನ ಬಿಡುಗಡೆಗೆ ಇನ್ನೂ ಕಾಯಿದೆಯಾಗಿಲ್ಲ. ಅದು ಆಗುವಂಥದೂ ಅಲ್ಲ. ತನ್ನ ಮನಸ್ಸಿಗೆ ತಾನೇ ಕಾವಲಿರಬೇಕು. ಕೆಟ್ಟ ಎಲೆ ಬಂದಿತೆಂದು ಪ್ರಯಾಣ ಮುಂದಕ್ಕೆ ಹಾಕಿದ ದಿನ ಆಟ ಮುಗಿಯಿತೆಂದು ತಿಳಿದು ಕಟ್ಟನ್ನು ಕಟ್ಟಿಡಬೇಕು. ಇದು ಕಷ್ಟದ ಪರೀಕ್ಷೆಯೇನೂ ಅಲ್ಲ. ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ಮಾಡಿಕೊಳ್ಳಬಹುದು.

ಆದರೆ ಹೆದರಿಕೆಗೆ ಮದ್ದು ಒಮ್ಮೊಮ್ಮೆ ಆಟದಲ್ಲಿಯೇ ಇರುತ್ತದೆಂಬುದನ್ನು ವಿಚಾರವಾದಿಗಳು ಮರೆಯಬಾರದು. ಸಾಡೇಸಾತಿಯೆಂದರೆ ನಡುಗುವವರಿದ್ದಾರೆ. ಶನಿ ಸುಮಾರು ಇಪ್ಪತ್ತೊಂಬತ್ತೂವರೆ ವರ್ಷಕ್ಕೆ ರಾಶಿಚಕ್ರವನ್ನು ಒಮ್ಮೆ ಸುತ್ತುತ್ತಾನೆ. ರಾಶಿಯೊಂದಕ್ಕೆ ಎರಡೂವರೆ ವರ್ಷ. ಜನ್ಮರಾಶಿ, ಅದರ ಹಿಂದಿನದು, ಮುಂದಿನದು ಸೇರಿ ಏಳೂವರೆ. ಲೆಕ್ಕ ಹಾಕಿ ನೋಡಿದರೆ ಯಾವ ಗಳಿಗೆಯಲ್ಲಿ ನೋಡಿದರೂ ಹನ್ನೆರಡರಲ್ಲಿ ಮೂರು ರಾಶಿಯವರು, ಅಂದರೆ ಪ್ರಪಂಚದ ಕಾಲುಭಾಗ ಜನ, ಸಾಡೇಸಾತಿಯಲ್ಲಿ ಇರುತ್ತಾರೆ. ಬಸ್ಸಿನಲ್ಲಿ ನಲವತ್ತು ಜನರಿದ್ದರೆ ಹತ್ತು ಮಂದಿ! ಇಷ್ಟು ದೊಡ್ಡ ಬಳಗವಿರುವ ಕಷ್ಟಕ್ಕೆ ಅಂಜುವುದಕ್ಕಿಂತ ಪಕ್ಕದವನಿಗೆ ಸ್ವಲ್ಪ ಜಾಗ ಮಾಡಿಕೊಡುವುದು ಲೇಸು. ಎಣಿಸಿ ನಕ್ಕವನಿಗೆ ಶನಿ ನಿಧಾನವಾಗಿ ಕಲಿಸುವ ಮುದಿ ಮೇಷ್ಟರಂತೆ ಕಾಣುತ್ತಾನೆ. ನಗಲಾರದವನಿಗೆ ಬೆನ್ನು ಹತ್ತಿದ ಪೋಲೀಸಿನವನಂತೆ.

ಮೂಲಾ ನಕ್ಷತ್ರವನ್ನೂ ಹೀಗೆ ಒಮ್ಮೆ ತಿರುಗಿಸಿ ನೋಡಬಹುದು. ನವರಾತ್ರಿಯಲ್ಲಿ ಸರಸ್ವತಿಯನ್ನು ಆವಾಹನೆ ಮಾಡುವುದು ಯಾವ ನಕ್ಷತ್ರದಲ್ಲಿ? ಮೂಲಾ ನಕ್ಷತ್ರದಲ್ಲಿ. ಪುಸ್ತಕಗಳನ್ನು ಜೋಡಿಸಿ, ಹೂವಿಟ್ಟು, ವಿದ್ಯೆಯ ಅಧಿದೇವತೆಯನ್ನು ಯಾವ ದಿನ ಮನೆಗೆ ಕರೆಯುತ್ತೇವೆಯೋ ಅದೇ ನಕ್ಷತ್ರದಲ್ಲಿ ಹುಟ್ಟಿದ ಹುಡುಗಿಯನ್ನು ಮನೆಗೆ ಸೇರಿಸಲು ಅಂಜುತ್ತೇವೆ. ಮೂಲವೆಂದರೆ ಬೇರು. ಬೇರನ್ನು ಕೀಳುವವಳು ಎಂದೂ ಓದಬಹುದು. ಬೇರು ಬಿಡುವವಳು ಎಂದೂ ಓದಬಹುದು. ಎರಡು ಓದೂ ಸಂಪ್ರದಾಯದ ಕಟ್ಟಿನಲ್ಲೇ ಇವೆ. ಯಾವ ಎಲೆಯನ್ನು ಎತ್ತಬೇಕೆಂಬುದನ್ನು ನಕ್ಷತ್ರ ತೀರ್ಮಾನಿಸಲಿಲ್ಲ. ನಮ್ಮ ಅಂಜಿಕೆ ತೀರ್ಮಾನಿಸಿತು. ಅಂಜಿಕೆ ತೀರ್ಮಾನಿಸಿದ್ದನ್ನು ಔದಾರ್ಯ ಬದಲಾಯಿಸಬಲ್ಲದು.

ಮನೆಯಲ್ಲಿ ಜಾತಕವನ್ನು ಸುಡಬೇಕೆಂದು ಯಾರಿಗೂ ಹೇಳಬೇಕಾಗಿಲ್ಲ. ಅದರಲ್ಲಿ ಅಜ್ಜನ ಕೈಬರಹವಿರುತ್ತದೆ. ಮಗು ಹುಟ್ಟಿದ ಗಳಿಗೆಯನ್ನು ಒಬ್ಬರು ಗಡಿಯಾರ ನೋಡಿ, ಕಾತರದಿಂದ ಬರೆದಿಟ್ಟ ಪ್ರೀತಿಯಿರುತ್ತದೆ. ಅದನ್ನು ಅವಳ ಕೈಗೇ ಕೊಡಬಹುದು. ಅವಳು ನೋಡಿ ನಗಲಿ; ಬೇಕಾದ ಪ್ರಶ್ನೆ ಕೇಳಿಕೊಳ್ಳಲಿ; ಬೇಡವಾದದ್ದನ್ನು ಮಡಿಸಿಡಲಿ. ಒಂಬತ್ತು ಗ್ರಹಗಳು ಒಂದು ಕಾಲಕ್ಕೆ ಮೈಸೂರಿನ ಜಮಖಾನೆಯ ಮೇಲೆ ಆಟದ ಎಲೆಗಳಾಗಿ ಇಳಿದು ಬಂದು, ದೊರೆಯ ಕೈಯಿಂದ ಕಲೆಸಿಕೊಂಡವು. ಅದರಿಂದ ಆಕಾಶದಲ್ಲಿ ಅವುಗಳ ನಡೆ ತಪ್ಪಲಿಲ್ಲ. ನೆಲದ ಮೇಲೆ ಒಬ್ಬ ಮನುಷ್ಯನ ಮನಸ್ಸು ಮಾತ್ರ ಹಗುರವಾಯಿತು.